ಹಳೆ ಬೈಕಿನ ಟೈಲ್ ಲೈಟ್ ಬ್ರಾಕೆಟ್ ಮನೆಯಲ್ಲೇ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿರುವುದು ಅಪ್ಪ ತಗೊಂಡ 1979ರ ಯೆಜ್ಡಿ 250. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಗಾಡಿ. ಮನೆ ಪಕ್ಕದ ಶೆಡ್ಡಿನಲ್ಲಿ ಒಂದು ಹಳೆ ಮೇಜು, ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ವೈಸ್, ಒಂದು ಕೈ ಡ್ರಿಲ್ಲು, ಗೋಡೆ ತುಂಬ ಸ್ಪ್ಯಾನರ್‌ಗಳು. ವರ್ಕ್‌ಶಾಪ್ ಅಂದರೆ ಇಷ್ಟೇ. ಆ ಗಾಡಿಯ ಟೈಲ್ ಲೈಟ್ ಬ್ರಾಕೆಟ್, ಅಂದರೆ ಹಿಂದಿನ ಕೆಂಪು ದೀಪವನ್ನು ಮಡ್‌ಗಾರ್ಡಿಗೆ ಹಿಡಿದಿಡುವ ಲೋಹದ ತುಂಡು, ಈವರೆಗೆ ಮೂರು ಸಲ ಬದಲಾಗಿದೆ. ಮೊದಲ ಎರಡು ಮುರಿದುಹೋದವು. ಮೂರನೆಯದು ಏಳು ಮಳೆಗಾಲ ಕಂಡಿದೆ. ಗೆಳೆಯರು, ಗೆಳೆಯರ ಗೆಳೆಯರು ಈ ಕೆಲಸದ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಯೆಜ್ಡಿಗೆ ಮಾತ್ರವಾ? ನನ್ನದು ಬುಲೆಟ್.

ತಗಡಿನ ಮಡ್‌ಗಾರ್ಡ್ ಮೇಲೆ ಟೈಲ್ ಲೈಟ್ ಕೂತಿರುವ ಯಾವ ಗಾಡಿಗಾದರೂ ಸರಿ. ಜಾವಾ, ಯೆಜ್ಡಿ, ಹಳೆ ಬುಲೆಟ್, ರಾಜದೂತ್, ಎಲ್ಲದರಲ್ಲೂ ಕಥೆ ಒಂದೇ. ಬೋಲ್ಟಿನ ಅಳತೆ, ತೂತುಗಳ ಅಂತರ ಬೇರೆ ಇರುತ್ತೆ. ಹಿಂಭಾಗವೆಲ್ಲ ಪ್ಲಾಸ್ಟಿಕ್ ಆಗಿರುವ ಹೊಸ ಗಾಡಿಗಳ ವಿಷಯ ಕೊನೆಯ ಹೊತ್ತಿಗೆ ಹೇಳುತ್ತೇನೆ.

ಒರಿಜಿನಲ್ ಬ್ರಾಕೆಟ್ ಇರುವಾಗ ಅದನ್ನು ಯಾಕೆ ಮುಟ್ಟಬೇಕು?

ಚೆನ್ನಾಗಿದ್ದರೆ ಮುಟ್ಟಲೇಬೇಡಿ. ಅಂದಕ್ಕೋಸ್ಕರ ಈ ಕೆಲಸಕ್ಕೆ ಕೈ ಹಾಕಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ಹಿಂದೆ ಬರುವ ಲಾರಿಯವರಿಗೆ ಕತ್ತಲಲ್ಲಿ ನಾವು ಅಂದರೆ ಆ ಒಂದು ಕೆಂಪು ಚುಕ್ಕೆ ಮಾತ್ರ.

ಮೈಸೂರಿನ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ಮುಚ್ಚಿತು. ಅಂದರೆ ಅತ್ಯುತ್ತಮವಾಗಿ ಇಟ್ಟುಕೊಂಡ ಗಾಡಿಯ ತಗಡಿಗೂ ಈಗ ಮೂವತ್ತು ವರ್ಷದ ಆಸುಪಾಸು ವಯಸ್ಸು. ಬೋಲ್ಟ್ ತೂತಿನ ಸುತ್ತ ತುಕ್ಕು ತಿಂದಿರುತ್ತೆ. ರಬ್ಬರ್ ಕಲ್ಲಾಗಿರುತ್ತೆ. ತೂತು ಅಗಲವಾಗಿ ಮೊಟ್ಟೆ ಆಕಾರಕ್ಕೆ ಬಂದಿರುತ್ತೆ. ಅಂಥ ಗಾಡಿಗೆ ಈ ಕೆಲಸ ಬೇಕು.

ಬ್ರಾಕೆಟ್ ಅಷ್ಟು ಸಲೀಸಾಗಿ ಮುರಿಯುವುದು ಯಾಕೆ? ಅದರ ಮೇಲೆ ಭಾರವೇ ಇಲ್ಲವಲ್ಲ?

ಭಾರದಿಂದ ಮುರಿಯುವುದಲ್ಲ, ನಡುಕದಿಂದ ಮುರಿಯುತ್ತೆ.

ಲೆಕ್ಕ ಹಾಕಿ ನೋಡಿ. ಇಂಜಿನ್ 3000 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದರೆ ಸೆಕೆಂಡಿಗೆ 50 ಸುತ್ತು. ಟೂ ಸ್ಟ್ರೋಕ್ ಒಂಟಿ ಸಿಲಿಂಡರ್ ಗಾಡಿ ಪ್ರತಿ ಸುತ್ತಿಗೂ ಒಮ್ಮೆ ಬಡಿಯುತ್ತೆ. ಒಂದು ಗಂಟೆಯ ಪ್ರಯಾಣಕ್ಕೆ 1,80,000 ಬಡಿತ. ಮಡ್‌ಗಾರ್ಡಿನ ಒಂದು ತುದಿ ಮಾತ್ರ ಚಾಸಿಗೆ ಗಟ್ಟಿಯಾಗಿ ಹಿಡಿದಿರುತ್ತೆ. ಇನ್ನೊಂದು ತುದಿ ಗಾಳಿಯಲ್ಲಿ. ಆ ತುದಿಯಲ್ಲೇ ಲೈಟು, ನಂಬರ್ ಪ್ಲೇಟು ಎಲ್ಲ ನೇತಾಡುತ್ತಿರುತ್ತೆ. ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಬಗ್ಗಿಸಿ ಕೈಯಲ್ಲೇ ಮುರಿಯುತ್ತೇವಲ್ಲ, ಅಲ್ಲಿ ನಡೆಯುವುದೂ ಅದೇ. ತುಂಬ ನಿಧಾನಕ್ಕೆ ನಡೆಯುತ್ತೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಎರಡು ವಿಷಯ ತಲೆಯಲ್ಲಿರಲಿ. ಒಂದು, ಬ್ರಾಕೆಟ್ ಉದ್ದ ಎರಡು ಪಟ್ಟಾದರೆ ಅದೇ ತೂಕಕ್ಕೆ ಅದು ಬಾಗುವುದು ಎಂಟು ಪಟ್ಟಾಗುತ್ತೆ. ಎರಡು, ಪಟ್ಟಿಯ ದಪ್ಪ ಎರಡು ಪಟ್ಟಾದರೆ ಬಾಗುವುದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಲೈಟನ್ನು ಹಿಂದಕ್ಕೆ ಚಾಚಿ ಕೂರಿಸುವ ಆಸೆ ಬಿಡಿ. ಎಷ್ಟು ಗಿಡ್ಡವಾಗಿ ಮುಗಿಸಬಹುದೋ ಅಷ್ಟು ಗಿಡ್ಡ ಇರಲಿ.

ಬಿರುಕು ಶುರುವಾಗುವುದು ಯಾವಾಗಲೂ ತೂತಿನ ಅಂಚಿನಲ್ಲಿ, ಇಲ್ಲದಿದ್ದರೆ ಚೂಪಾದ ಮೂಲೆಯಲ್ಲಿ. ಇದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಬಿರುಕು ಬಿಟ್ಟ ಜಾಗಕ್ಕೆ ಸುಮ್ನೆ ವೆಲ್ಡಿಂಗ್ ಹೊಡೆಸಿದರೆ ಸಾಲದಾ?

ನಮ್ಮ ಎರಡನೇ ಬ್ರಾಕೆಟ್ ಹಾಗೇ ಆಗಿದ್ದು. ಒಂದು ಅಂಗಡಿಯಲ್ಲಿ ಬ್ರಾಕೆಟ್ಟನ್ನು ಮಡ್‌ಗಾರ್ಡಿಗೇ ಸೇರಿಸಿ ಗಟ್ಟಿ ವೆಲ್ಡ್ ಮಾಡಿಕೊಟ್ಟರು. ಕಲ್ಲಿನ ಹಾಗೆ ಕೂತಿತ್ತು. ಆರು ತಿಂಗಳಿಗೆ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು. ಒಂದು ರಾತ್ರಿ ನಂಜನಗೂಡಿನಿಂದ ವಾಪಸ್ ಬರುವಾಗ ಸೋನೆ ಮಳೆ. ಹಿಂದಿನ ಲಾರಿ ಪಕ್ಕಕ್ಕೆ ಬಂದು ಹಾರ್ನ್ ಹೊಡೆಯಿತು. ಡ್ರೈವರ್ ಕಿಟಕಿಯಿಂದ ಕೂಗಿದರು: "ಸಾರ್, ಹಿಂದೆ ಲೈಟೇ ಇಲ್ಲ! ಹತ್ರ ಬರೋವರ್ಗೂ ಕಾಣ್ಲಿಲ್ಲ." ಇಳಿದು ನೋಡಿದರೆ ಲೈಟು ವೈರಿನಲ್ಲಿ ನೇತಾಡುತ್ತಿತ್ತು. ಆ ಮನುಷ್ಯನಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಕಾರಣ ಆಮೇಲೆ ತಿಳಿಯಿತು. ವೆಲ್ಡಿಂಗ್ ಕಾವಿಗೆ ಪಕ್ಕದ ತೆಳು ತಗಡಿನ ಗುಣ ಬದಲಾಗುತ್ತೆ. ದಪ್ಪ ವೆಲ್ಡು, ಪಕ್ಕದಲ್ಲೇ ತೆಳು ತಗಡು. ಬಾಗುವುದೆಲ್ಲ ಆ ಗೆರೆಯ ಮೇಲೇ ಬಂದು ಬೀಳುತ್ತೆ. ನಡುಕ ಎಲ್ಲೂ ಕಡಿಮೆಯಾಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ.

ಬಿರುಕನ್ನು ವೆಲ್ಡಿಂಗ್‌ನಿಂದ ಮುಚ್ಚಲೇಬೇಕು ಅಂದರೆ ಮೊದಲು ಅದರ ತುದಿ ಹುಡುಕಿ. ಸೀಮೆಎಣ್ಣೆ ಸವರಿ ಒರೆಸಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಗೆರೆಯಾಗಿ ಕಾಣುತ್ತೆ. ತುದಿಯಲ್ಲಿ 3 ಮಿ.ಮೀ. ತೂತು ಹಾಕಿ. ಬಿರುಕು ಮುಂದಕ್ಕೆ ಓಡುವುದನ್ನು ಆ ದುಂಡು ತೂತು ತಡೆಯುತ್ತೆ. ಆಮೇಲೆ ವೆಲ್ಡ್ ಮಾಡಿಸಿ, ಒಳಗಿನಿಂದ ಒಂದು ಪಟ್ಟಿಯ ಆಸರೆ ಕೊಡಿ.

ಪೊಲೀಸರು, ಆರ್‌ಟಿಒ ತಕರಾರು ಮಾಡುವುದಿಲ್ಲವಾ?

ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ಹೊಂದದ ಹಾಗೆ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ, ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಬಹುದು. ಆರು ತಿಂಗಳವರೆಗೆ ಜೈಲೂ ಆಗಬಹುದು.

ಹಳೆ ಬ್ರಾಕೆಟ್ ಜಾಗದಲ್ಲಿ ಅದೇ ಎತ್ತರಕ್ಕೆ, ಅದೇ ಕೋನಕ್ಕೆ ಗಟ್ಟಿ ಬ್ರಾಕೆಟ್ ಹಾಕುವುದು ರಿಪೇರಿ. ಲೈಟನ್ನು ಸೀಟಿನ ಕೆಳಗೆ ಅಡಗಿಸುವುದು, ಕಪ್ಪು ಹೊಗೆ ಬಣ್ಣದ ಗ್ಲಾಸ್ ಹಾಕುವುದು, ನಂಬರ್ ಪ್ಲೇಟ್ ಆಕಾಶಕ್ಕೆ ಮುಖ ಮಾಡುವಂತೆ ಬಗ್ಗಿಸುವುದು ರಿಪೇರಿ ಅಲ್ಲ. ಹಿಂದೆ ಕೆಂಪು ದೀಪ ಇರಬೇಕು, ಕೆಂಪು ರಿಫ್ಲೆಕ್ಟರ್ ಇರಬೇಕು, ರಾತ್ರಿ ನಂಬರ್ ಪ್ಲೇಟ್ ಮೇಲೆ ಬಿಳಿ ಬೆಳಕು ಬೀಳಬೇಕು. ಬಿಳಿ ಅನ್ನುವ ಮಾತು ನೆನಪಿಟ್ಟುಕೊಳ್ಳಿ, ಎಲ್‌ಇಡಿ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿಯಾಗಿದೆ. ಅದನ್ನು ಬಿಚ್ಚಬಹುದಾ?

ಬಿಚ್ಚಬೇಡಿ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗಳಿಗೂ ಕರ್ನಾಟಕದಲ್ಲಿ ಈ ಪ್ಲೇಟ್ ಕಡ್ಡಾಯ ಮಾಡಿದ್ದಾರೆ. ಅದರ ಲಾಕ್ ಒಂದು ಸಲ ಕೂತರೆ ಮುಗಿಯಿತು, ತೆಗೆಯಲು ಹೋದರೆ ಮುರಿಯುತ್ತೆ. ದಾರಿ ಇದೆ. ಪ್ಲೇಟ್ ಕೂತಿರುವ ತಗಡು ಹೋಲ್ಡರ್ ಇರುತ್ತಲ್ಲ, ಅದನ್ನು ಪ್ಲೇಟ್ ಸಮೇತ ಇಡಿಯಾಗಿ ಬಿಚ್ಚಿ. ಹೊಸ ಬ್ರಾಕೆಟ್ಟಿಗೆ ಆ ಹೋಲ್ಡರ್ ತೂತುಗಳನ್ನೇ ಅಳತೆ ತಗೊಳ್ಳಿ. ಪ್ಲೇಟ್ ಇನ್ನೂ ಹಾಕಿಸಿಲ್ಲ ಅಂದರೆ ಬ್ರಾಕೆಟ್ ಕೆಲಸ ಮೊದಲು ಮುಗಿಸಿ.

ಯಾವ ಲೋಹ ಒಳ್ಳೆಯದು?

ಎಂ.ಎಸ್. ಪಟ್ಟಿ, ಅಂದರೆ ಮೈಲ್ಡ್ ಸ್ಟೀಲ್, ಮಾಮೂಲಿ ಮೆದು ಉಕ್ಕು. ಹಾರ್ಡ್‌ವೇರ್ ಅಂಗಡಿಯಲ್ಲಿ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿ ಸಿಗುತ್ತೆ. ಮೀಟರಿಗೆ ಸುಮಾರು 600 ಗ್ರಾಂ ತೂಗುತ್ತೆ. ನಮಗೆ ಬೇಕಾಗುವುದು ಒಂದು ಅಡಿಗಿಂತ ಕಡಿಮೆ. ಅಗಲ ತಗಡು ಬೇಕಾದರೆ 2 ಮಿ.ಮೀ. ಶೀಟು ಸಾಕು, ಅಂಚನ್ನು 10 ಮಿ.ಮೀ.ನಷ್ಟು ಮಡಚಿದರೆ ತುಂಬ ಗಟ್ಟಿಯಾಗುತ್ತೆ. ಎಣ್ಣೆ ಡಬ್ಬದ ತಗಡು ಎಷ್ಟು ತೆಳು, ಆದರೂ ಮಡಚಿದ ಅಂಚಿನಲ್ಲಿ ಬಾಗುವುದಿಲ್ಲ ಅಲ್ವಾ?

ಅಲ್ಯೂಮಿನಿಯಂ ನೋಡಲು ಚೆಂದ, ಹಗುರ. ಆದರೆ ಗುಜರಿಯಲ್ಲಿ ಸಿಗುವ ಅಲ್ಯೂಮಿನಿಯಂ ಯಾವ ಜಾತಿಯದು ಅಂತ ತಿಳಿಯುವುದಿಲ್ಲ. ಕೆಲವು ಜಾತಿ ಚೂಪಾಗಿ ಮಡಚಿದ ಕೂಡಲೇ ಒಳಗೊಳಗೇ ಬಿರುಕು ಬಿಡುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ, ಆದರೆ ಮನೆಯ ಡ್ರಿಲ್ಲಿಗೆ ಜಗ್ಗುವುದಿಲ್ಲ. ವೇಗವಾಗಿ ಕೊರೆದರೆ ಅದು ಇನ್ನೂ ಗಟ್ಟಿಯಾಗಿ ಬಿಟ್ಟನ್ನೇ ಸುಡುತ್ತೆ. ಮೊದಲ ಸಲಕ್ಕೆ ಎಂ.ಎಸ್. ತಗೊಳ್ಳಿ.

ಜಿ.ಐ. (ಸತು ಲೇಪಿಸಿದ) ತಗಡಿಗೆ ವೆಲ್ಡಿಂಗ್ ಮಾಡಿಸುವುದಾದರೆ ಮೇಲಿನ ಸತುವಿನ ಪದರವನ್ನು ಮೊದಲು ಉಜ್ಜಿ ತೆಗೆಸಿ. ಆ ಹೊಗೆ ಕುಡಿದರೆ ರಾತ್ರಿ ಜ್ವರ, ನಡುಕ ಬರುತ್ತೆ.

ಅಳತೆ ತೆಗೆಯುವುದು ಹೇಗೆ?

ರಟ್ಟು. ಹಳೆ ಪೆಟ್ಟಿಗೆಯ ರಟ್ಟು ಕತ್ತರಿಸಿ ಮೊದಲು ಅದರಲ್ಲೇ ಇಡೀ ಬ್ರಾಕೆಟ್ ಮಾಡಿ. ಮಡ್‌ಗಾರ್ಡ್ ಕಮಾನಿನ ಆಕಾರದಲ್ಲಿರುತ್ತೆ, ಸ್ಕೇಲಿನಲ್ಲಿ ಅಳೆದರೆ ಖಂಡಿತ ತಪ್ಪುತ್ತೆ. ರಟ್ಟನ್ನು ಒತ್ತಿ ಹಿಡಿದು ಬೆರಳಿನಿಂದ ತೂತಿನ ಮೇಲೆ ತಿಕ್ಕಿದರೆ ತೂತಿನ ಅಚ್ಚು ಮೂಡುತ್ತೆ. ಲೈಟನ್ನು ರಟ್ಟಿಗೆ ಹಿಡಿದು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಗ್ಲಾಸ್ ನೆಟ್ಟಗೆ ಹಿಂದಕ್ಕೆ ನೋಡುತ್ತಿರಬೇಕು. ಸ್ವಲ್ಪ ಮೇಲಕ್ಕೆ ವಾಲಿದರೂ ಬೆಳಕು ಮರದ ಕೊಂಬೆಗೆ ಹೋಗುತ್ತೆ, ಹಿಂದಿನವರ ಕಣ್ಣಿಗಲ್ಲ. ಗಾಡಿ ಮೇಲೆ ಒಬ್ಬರನ್ನು ಕೂರಿಸಿ ನೋಡಿ, ಕೂತಾಗ ಹಿಂಭಾಗ ಇಳಿದು ಕೋನ ಬದಲಾಗುತ್ತೆ.

ರಟ್ಟಿಗೆ ಒಂದು ಸಂಜೆ ಕೊಟ್ಟರೂ ನಷ್ಟವಿಲ್ಲ. ನಮ್ಮ ಮೊದಲ ಬ್ರಾಕೆಟ್ ಹಾಳಾಗಿದ್ದು ಈ ಹಂತ ಬಿಟ್ಟಿದ್ದಕ್ಕೆ. ತೂತು ಹೊಂದಲಿಲ್ಲ, ಅರ ಹಾಕಿ ಉಜ್ಜಿ ಉಜ್ಜಿ ಅಗಲ ಮಾಡಿದೆ, ಅಲ್ಲಿಂದಲೇ ಬಿರುಕು ಹುಟ್ಟಿತು.

ಕತ್ತರಿಸುವುದು, ತೂತು ಹಾಕುವುದು?

ಹ್ಯಾಕ್ಸಾ ಸಾಕು. ಬ್ಲೇಡ್ ತಗೊಳ್ಳುವಾಗ ಇಂಚಿಗೆ 24 ಹಲ್ಲಿನದು ಕೇಳಿ. ಕತ್ತರಿಸಿದ ಮೇಲೆ ನಾಲ್ಕೂ ಮೂಲೆಗಳನ್ನು ಅರದಿಂದ ದುಂಡಗೆ ಮಾಡಿ. ಬೆರಳು ಸವರಿದರೆ ಎಲ್ಲೂ ತರಚಬಾರದು.

ತೂತಿಗೆ ಮೊದಲು ಸೆಂಟರ್ ಪಂಚ್ ಹೊಡೆಯಿರಿ, ಇಲ್ಲದಿದ್ದರೆ ಬಿಟ್ ಜಾರುತ್ತೆ. ಮೊದಲು 3 ಮಿ.ಮೀ. ತೂತು, ಆಮೇಲೆ ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ 6.5 ಮಿ.ಮೀ. ಒಂದೆರಡು ಹನಿ ಎಣ್ಣೆ ಬಿಡಿ. ತೂತಿನ ನಡು ಪಟ್ಟಿಯ ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗಿರಲಿ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೊರೆಯಲೇಬೇಡಿ. ಬಿಟ್ ಆಚೆ ಬರುವ ಗಳಿಗೆಯಲ್ಲಿ ಕಚ್ಚಿಕೊಂಡು ಪಟ್ಟಿ ಗಿರ್ರನೆ ತಿರುಗುತ್ತೆ, ಬೆರಳು ಸೀಳುತ್ತೆ. ವೈಸ್‌ನಲ್ಲಿ ಕಚ್ಚಿಸಿ. ಕನ್ನಡಕ ಹಾಕಿಕೊಳ್ಳಿ. ಉದ್ದ ತೋಳಿನ ಸಡಿಲ ಅಂಗಿ, ಕೈ ಗ್ಲೌಸ್ ಎರಡೂ ಬೇಡ, ತಿರುಗುವ ಬಿಟ್ ಎಳೆದುಕೊಳ್ಳುತ್ತೆ.

ಮಡಚುವಾಗ ವೈಸ್‌ನ ಚೂಪು ಅಂಚಿನ ಮೇಲೆ ನೇರ ಸುತ್ತಿಗೆ ಹೊಡೆಯಬೇಡಿ. ಒಂದು ದುಂಡು ಅಂಚಿನ ತುಂಡು ಕಬ್ಬಿಣವನ್ನು ನಡುವೆ ಇಟ್ಟು ಮಡಚಿ. ಮಡಿಕೆಯ ಒಳಗಿನ ದುಂಡು ಪಟ್ಟಿಯ ದಪ್ಪದಷ್ಟಾದರೂ ಇರಬೇಕು.

ಮಡ್‌ಗಾರ್ಡಿಗೆ ಹೊಸ ತೂತು ಹಾಕಬೇಕಾ?

ಬೇಡ. ಇರುವ ತೂತುಗಳನ್ನೇ ಬಳಸಿ. ಹಳೆ ಗಾಡಿಯ ಮಡ್‌ಗಾರ್ಡ್ ಮತ್ತೆ ಸಿಗುವುದು ಕಷ್ಟ. ಮುಂದೆ ಯಾರಾದರೂ ಗಾಡಿಯನ್ನು ಮೊದಲಿನ ಹಾಗೆ ಮಾಡಬೇಕು ಅಂದರೆ ಹೊಸ ಬ್ರಾಕೆಟ್ ಬಿಚ್ಚಿ ಹಳೆಯದು ಹಾಕಿದರೆ ಸಾಕು ಅನ್ನುವಂತಿರಬೇಕು.

ಆದರೆ ಒಳಗಡೆಯಿಂದ ಒಂದು ಆಸರೆ ಪಟ್ಟಿ ಕೊಡಿ. ಮಡ್‌ಗಾರ್ಡಿನ ಒಳ ಕಮಾನಿಗೆ ಹೊಂದುವ ಹಾಗೆ ಬಾಗಿಸಿದ 2 ಮಿ.ಮೀ. ಪಟ್ಟಿ, ಎರಡು ಬೋಲ್ಟುಗಳಿಗೂ ಒಂದೇ ತುಂಡು. ಸಣ್ಣ ವಾಷರ್ ಹಾಕಿದರೆ ಎಳೆತವೆಲ್ಲ ರೂಪಾಯಿ ಅಗಲದ ಜಾಗಕ್ಕೆ ಬೀಳುತ್ತೆ. ಪಟ್ಟಿ ಹಾಕಿದರೆ ಅಂಗೈ ಅಗಲಕ್ಕೆ ಹರಡುತ್ತೆ.

ಒಳಗೆ ಬೋಲ್ಟಿನ ತಲೆ ಇರಲಿ, ನಟ್ ಹೊರಗಿರಲಿ. ಉಲ್ಟಾ ಹಾಕಿದರೆ ಬೋಲ್ಟಿನ ತುದಿ ಟೈರಿಗೆ ಮುಖ ಮಾಡಿರುತ್ತೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಚಕ್ರವನ್ನು ಮೇಲಕ್ಕೆ ಎತ್ತಿ ನೋಡಿ. ಇಬ್ಬರು ಕೂತು ಹಂಪ್ ಹಾರಿದಾಗ ಚಕ್ರ ಎಲ್ಲಿಯವರೆಗೆ ಬರುತ್ತೆ ಅಂತ ಗೊತ್ತಾಗುತ್ತೆ. ಟೈರಿಗೂ ಬೋಲ್ಟ್ ತಲೆಗೂ ಒಂದು ಬೆರಳಿನಷ್ಟು ಜಾಗ ಉಳಿಯಬೇಕು.

ರಬ್ಬರ್ ಎಲ್ಲಿ ಹಾಕಬೇಕು? ಎಲ್ಲ ಕಡೆ ಹಾಕಿದರೆ ಒಳ್ಳೆಯದಲ್ವಾ?

ನಮ್ಮ ಮೂರನೇ ಬ್ರಾಕೆಟ್ ಉಳಿದಿರುವುದು ಇದೊಂದರಿಂದಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ರಾಕೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ ರಬ್ಬರ್ ಬೇಡ. ಅಲ್ಲಿ ಲೋಹಕ್ಕೆ ಲೋಹ ಗಟ್ಟಿಯಾಗಿ ಕೂರಬೇಕು. ರಬ್ಬರ್ ಇಟ್ಟು ಬಿಗಿ ಮಾಡಿದರೆ ಅದು ದಿನ ಕಳೆದಂತೆ ಕುಗ್ಗುತ್ತೆ, ಬೋಲ್ಟ್ ಸಡಿಲವಾಗುತ್ತೆ, ತೂತು ತಿನ್ನುತ್ತೆ. ರಬ್ಬರ್ ಬೇಕಾಗಿರುವುದು ಬ್ರಾಕೆಟ್ಟಿಗೂ ಲೈಟಿಗೂ ನಡುವೆ.

ಅಲ್ಲಿಯೂ ಸುಮ್ನೆ ಒಂದು ತುಂಡು ರಬ್ಬರ್ ಸಿಕ್ಕಿಸಿ ನಟ್ ಬಿಗಿದರೆ ಉಪಯೋಗವಿಲ್ಲ. ಪೂರ್ತಿ ಬಿಗಿದರೆ ರಬ್ಬರ್ ಚಪ್ಪಟೆಯಾಗಿ ಕಲ್ಲಾಗುತ್ತೆ. ಸಡಿಲ ಬಿಟ್ಟರೆ ನಟ್ ಉದುರುತ್ತೆ. ಇದಕ್ಕೆ ಉಪಾಯ ಒಳಗಿನ ಸ್ಲೀವ್. ಬ್ರಾಕೆಟ್ಟಿನಲ್ಲಿ ದೊಡ್ಡ ತೂತು ಹಾಕಿ ಅದಕ್ಕೆ ನಡುವೆ ಕಚ್ಚು ಇರುವ ದುಂಡು ರಬ್ಬರ್ ಬುಷ್ ಕೂರಿಸಿ. ಬುಷ್‌ನ ಒಳಗೆ ಕಬ್ಬಿಣದ ಸಣ್ಣ ಕೊಳವೆ. ಹೊರ ಅಳತೆ 8 ಮಿ.ಮೀ., ಒಳಗೆ ಎಂ6 ಬೋಲ್ಟ್ ಸಲೀಸಾಗಿ ಹೋಗುವಷ್ಟು. ಕೊಳವೆಯ ಉದ್ದ ರಬ್ಬರಿನ ಎತ್ತರಕ್ಕಿಂತ 1 ಮಿ.ಮೀ. ಕಡಿಮೆ. ಎರಡೂ ಕಡೆ ಅಗಲದ ವಾಷರ್. ಈಗ ನಟ್ ಎಷ್ಟು ಬಿಗಿದರೂ ಭಾರ ಕೊಳವೆಯ ಮೇಲೆ ಬೀಳುತ್ತೆ, ರಬ್ಬರ್ ಬರೀ 1 ಮಿ.ಮೀ. ಒತ್ತಿರುತ್ತೆ. ಬೋಲ್ಟ್ ಗಟ್ಟಿ, ಲೈಟು ಮೆತ್ತಗೆ.

ಕೊಳವೆಯನ್ನು ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ರಬ್ಬರ್ ಬುಷ್‌ಗಳು ಬೈಕ್ ಸ್ಪೇರ್ ಅಂಗಡಿಯಲ್ಲಿ ಸಿಗುತ್ತವೆ. ಸೈಡ್ ಪ್ಯಾನೆಲ್‌ಗೆ ಬಳಸುವಂಥವು ಅಂತ ಕೇಳಿ, ನಿಮ್ಮ ಕೊಳವೆಯನ್ನು ತೋರಿಸಿ ಹೊಂದಿಸಿಕೊಳ್ಳಿ. ಹವಾಯಿ ಚಪ್ಪಲಿ ಕತ್ತರಿಸಿ ಹಾಕುವವರನ್ನು ನೋಡಿದ್ದೇನೆ. ಅದು ರಬ್ಬರಿನ ಹಾಗೆ ಕಂಡರೂ ಒಳಗೆಲ್ಲ ಗಾಳಿ, ಕೆಲವೇ ತಿಂಗಳಲ್ಲಿ ಕಾಗದದಷ್ಟು ತೆಳುವಾಗುತ್ತೆ.

ನಟ್ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಇರಲಿ. ಬಿಚ್ಚಿದ ನೈಲಾಕನ್ನು ಮತ್ತೆ ಮತ್ತೆ ಬಳಸಬೇಡಿ.

ಹೊಸ ಬ್ರಾಕೆಟ್ ಹಾಕಿದ ಮೇಲೆ ಲೈಟೇ ಉರಿಯುತ್ತಿಲ್ಲ. ಬಲ್ಬ್ ಚೆನ್ನಾಗಿದೆ.

ಇದನ್ನು ಕೇಳದವರಿಲ್ಲ. ಕಾರಣ ನಾವು ಹಾಕಿದ ರಬ್ಬರೇ. ಹಳೆ ಗಾಡಿಗಳಲ್ಲಿ ಲೈಟಿಗೆ ಬರುವುದು ಎರಡೇ ವೈರು, ಒಂದು ಟೈಲ್‌ಗೆ, ಒಂದು ಬ್ರೇಕ್‌ಗೆ. ಕರೆಂಟ್ ವಾಪಸ್ ಹೋಗುವ ದಾರಿ ಮಡ್‌ಗಾರ್ಡ್ ತಗಡು. ರಬ್ಬರ್ ಆ ದಾರಿಯನ್ನು ಕತ್ತರಿಸಿತು.

ಬಣ್ಣ ಕೆರೆದು ತಗಡಿಗೆ ತಾಗಿಸುವ ಅಭ್ಯಾಸ ಬಿಡಿ. ಕೆರೆದ ಜಾಗ ಒಂದೇ ಮಳೆಗಾಲಕ್ಕೆ ತುಕ್ಕು. ಲೈಟಿನ ಹೋಲ್ಡರ್‌ನಿಂದ ಪ್ರತ್ಯೇಕ ಅರ್ತ್ ವೈರ್ (ಕರೆಂಟ್ ವಾಪಸ್ ಹೋಗುವ ವೈರ್) ಎಳೆದು, ಚಾಸಿಯ ಮೇಲೆ ಬ್ಯಾಟರಿಯ ಅರ್ತ್ ಕೂತಿರುವ ಬೋಲ್ಟಿಗೇ ಸೇರಿಸಿ. ಆರು ವೋಲ್ಟ್ ಗಾಡಿಗೆ 1 ಚದರ ಮಿ.ಮೀ. ವೈರು, ಹನ್ನೆರಡಕ್ಕೆ 0.75 ಸಾಕು.

ಆರಕ್ಕೆ ದಪ್ಪ ವೈರ್ ಯಾಕೆ ಅಂದರೆ, 21 ವ್ಯಾಟ್ ಬ್ರೇಕ್ ಬಲ್ಬು 12 ವೋಲ್ಟಿನಲ್ಲಿ 1.75 ಆಂಪ್ ಎಳೆದರೆ 6 ವೋಲ್ಟಿನಲ್ಲಿ 3.5 ಆಂಪ್ ಎಳೆಯುತ್ತೆ. ದಾರಿಯಲ್ಲಿ ಅರ್ಧ ವೋಲ್ಟ್ ಸೋರಿದರೆ ಆರು ವೋಲ್ಟ್ ಗಾಡಿಯ ಬೆಳಕು ಕಾಲು ಭಾಗ ಕಡಿಮೆಯಾಗುತ್ತೆ. ಹಳೆ ಜಾವಾ, ಯೆಜ್ಡಿಗಳ ಲೈಟು ಮಂಕು ಅಂತ ದೂರುತ್ತಾರೆ. ಬಹಳ ಸಲ ತಪ್ಪು ಗಾಡಿಯದಲ್ಲ, ತುಕ್ಕು ಹಿಡಿದ ಅರ್ತಿನದು.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಒಂದು ಕಡ್ಡಿ ಬಲ್ಬ್ ಹೋಲ್ಡರ್ ಮೈಗೆ, ಇನ್ನೊಂದು ಚಾಸಿಗೆ ಕಟ್ಟಿರುವ ಬ್ಯಾಟರಿ ಟರ್ಮಿನಲ್‌ಗೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. 0.2 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಜಂಟಿ ಸರಿಯಿಲ್ಲ.

ಬ್ರೇಕ್ ಒತ್ತಿದರೆ ಸ್ಪೀಡೋಮೀಟರ್ ಲೈಟ್ ಮಿಣುಕುತ್ತೆ! ಇದೇನು?

ಅದೂ ಅರ್ತೇ. ಹೋಲ್ಡರಿಗೆ ಅರ್ತ್ ಸಿಗದೇ ಇದ್ದಾಗ ಬ್ರೇಕಿನ ಕರೆಂಟ್ ಟೈಲ್ ಫಿಲಮೆಂಟ್ ಮೂಲಕ ಹಿಂದಕ್ಕೆ ಹೋಗಿ ಮೀಟರ್ ಬಲ್ಬಿನಲ್ಲಿ ದಾರಿ ಹುಡುಕಿಕೊಳ್ಳುತ್ತೆ. ಸ್ವಿಚ್ ಬದಲಾಯಿಸಲು ಹೋಗಬೇಡಿ.

ಸುಮ್ನೆ ಓಡುವಾಗ ಜೋರು ಬೆಳಕು, ಬ್ರೇಕ್ ಒತ್ತಿದರೆ ವ್ಯತ್ಯಾಸವೇ ಕಾಣುವುದಿಲ್ಲ.

ಬಲ್ಬನ್ನು ಉಲ್ಟಾ ತುರುಕಿದ್ದೀರಿ, ಇಲ್ಲವೇ ಎರಡು ವೈರ್ ಅದಲುಬದಲಾಗಿದೆ. ಎರಡು ಫಿಲಮೆಂಟ್ ಇರುವ ಬಲ್ಬಿನ ಪಕ್ಕದ ಪಿನ್ನುಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವೆ. ತಪ್ಪು ಕೂರಬಾರದು ಅಂತಲೇ ಹಾಗೆ ಮಾಡಿರುವುದು. ಹೋಲ್ಡರ್ ಸವೆದಿದ್ದರೆ ಬಲವಂತಕ್ಕೆ ಕೂತುಬಿಡುತ್ತೆ.

ವೈರ್ ಹೇಗೆ ಎಳೆಯಬೇಕು?

ತಗಡಿನ ತೂತಿನಲ್ಲಿ ಹಾದುಹೋಗುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಲೈಟ್ ಹತ್ತಿರ ಒಂದು ಸಣ್ಣ ಸಡಿಲ ಸುತ್ತು ಬಿಡಿ, ಯಾಕೆಂದರೆ ಈಗ ಲೈಟು ಅಲ್ಲಾಡುತ್ತೆ. ಆ ಸುತ್ತು ಕೆಳಕ್ಕೆ ಜೋತಿರಲಿ, ನೀರು ಹೋಲ್ಡರಿನೊಳಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತೆ. ಇನ್ಸುಲೇಷನ್ ಟೇಪ್ ಮಾತ್ರ ಸುತ್ತಿದರೆ ಬೇಸಿಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಕಚ್ಚಿಕೊಳ್ಳುವ ಕೊಳವೆ) ಹಾಕಿ.

ಎಲ್‌ಇಡಿ ಬಲ್ಬ್ ಹಾಕಲಾ?

ಹಾಕಬಹುದು, ಕರೆಂಟ್ ಕಡಿಮೆ ತಿನ್ನುತ್ತೆ, ನಡುಕಕ್ಕೆ ಸುಲಭದಲ್ಲಿ ಸಾಯುವುದಿಲ್ಲ. ಆದರೆ ಮೊದಲು ಬ್ಯಾಟರಿ ಮೇಲೆ ವೋಲ್ಟ್ ನೋಡಿ. ಅಂಗಡಿಯಲ್ಲಿ ಸಿಗುವುದು ಬಹುಪಾಲು 12 ವೋಲ್ಟಿನವು. ಇನ್ನೊಂದು, ಕೆಲವು ಗಾಡಿಗಳಲ್ಲಿ ಟೈಲ್ ಲೈಟು ಬ್ಯಾಟರಿಯಿಂದಲ್ಲ, ನೇರ ಮ್ಯಾಗ್ನೆಟ್ ಕಾಯಿಲ್‌ನ ಎಸಿಯಿಂದ ಉರಿಯುತ್ತೆ. ಅಲ್ಲಿ ಡಿಸಿ ಎಲ್‌ಇಡಿ ಹಾಕಿದರೆ ಪಟಪಟ ಮಿಟುಕುತ್ತೆ.

ಬಣ್ಣದ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಕೆಂಪು ಗ್ಲಾಸಿನ ಹಿಂದೆ ತಣ್ಣನೆ ಬಿಳಿ ಎಲ್‌ಇಡಿ ಇಟ್ಟರೆ ಬೆಳಕು ಗುಲಾಬಿಯಾಗಿ, ಮಂಕಾಗಿ ಕಾಣುತ್ತೆ. ಕೆಂಪು ಎಲ್‌ಇಡಿ ಇಟ್ಟರೆ ಚೆನ್ನಾಗಿ ಉರಿಯುತ್ತೆ, ಆದರೆ ಅದೇ ಬಲ್ಬು ಕೆಳಗಿನ ಕಿಂಡಿಯಿಂದ ನಂಬರ್ ಪ್ಲೇಟಿಗೂ ಬೆಳಕು ಕೊಡುವುದರಿಂದ ಪ್ಲೇಟ್ ಕೆಂಪಾಗುತ್ತೆ. ಅಲ್ಲಿ ಬಿಳಿ ಇರಬೇಕು ಅಂತ ಮೇಲೆ ಹೇಳಿದ್ದೆ. ಹಾಗಾಗಿ ಕೆಂಪು ಎಲ್‌ಇಡಿ ಹಾಕಿದವರು ಪ್ಲೇಟಿಗೆ ಬೇರೆಯೇ ಸಣ್ಣ ಬಿಳಿ ದೀಪ ಕೊಡಬೇಕು. ಅಷ್ಟೆಲ್ಲ ಯಾಕೆ ಅನ್ನಿಸಿದರೆ ಹಳೆ ತಂತಿ ಬಲ್ಬೇ ಇರಲಿ. ನಮ್ಮ ಗಾಡಿಯಲ್ಲಿ ಅದೇ ಇದೆ, ಅರ್ತ್ ಸರಿ ಮಾಡಿದ ಮೇಲೆ ಅದರ ಬೆಳಕು ಸಾಕಾಗಿದೆ.

ಹೊಸ ಗಾಡಿಗೆ ಟೈಲ್ ಟೈಡಿ ಹಾಕಿಸುವುದರ ಬಗ್ಗೆ ಏನು ಹೇಳುತ್ತೀರಿ?

ಉದ್ದನೆ ಪ್ಲಾಸ್ಟಿಕ್ ಬಾಲ ತೆಗೆದು ಪ್ಲೇಟನ್ನು ಸೀಟಿನ ಕೆಳಗೆ ತರುತ್ತಾರಲ್ಲ, ಅದು ನನಗೆ ಇಷ್ಟವಿಲ್ಲ. ಆ ಬಾಲಕ್ಕೆ ಕೆಲಸ ಇದೆ. ಆಷಾಢದಲ್ಲಿ ಸಕಲೇಶಪುರದ ಕಡೆ ಒಂದು ಸಲ ಹೋಗಿ ಬಂದರೆ ಹಿಂದೆ ಕೂತವರ ಬೆನ್ನ ತುಂಬ ಕೆಮ್ಮಣ್ಣು. ಟೈಲ್ ಲೈಟಿನ ಗ್ಲಾಸಿಗೂ ಅದೇ ಕೆಸರು ಮೆತ್ತಿಕೊಂಡು ದೀಪ ಇದ್ದೂ ಇಲ್ಲದಂತಾಗುತ್ತೆ. ಪ್ಲೇಟ್ ಕೋನ, ರಿಫ್ಲೆಕ್ಟರ್ ಎರಡೂ ಕೆಡುತ್ತವೆ. ಇರುವುದನ್ನು ಗಟ್ಟಿ ಮಾಡಿಕೊಳ್ಳಿ.

ಹಿಂದೆ ಕ್ಯಾರಿಯರ್, ಬ್ಯಾಗು ಕಟ್ಟುತ್ತೇನೆ. ಲೈಟ್ ಮುಚ್ಚಿಹೋಗುತ್ತೆ.

ಆಗ ಲೈಟನ್ನು ಕೆಳಗೆ ತರಬೇಡಿ, ಕ್ಯಾರಿಯರನ್ನು ಮೇಲೆತ್ತಿ. ಯಾವ ಕಾರಣಕ್ಕೂ ಕ್ಯಾರಿಯರಿನ ಭಾರವನ್ನು ಟೈಲ್ ಲೈಟ್ ಬ್ರಾಕೆಟ್ಟಿನ ಮೇಲೆ ಹೊರಿಸಬೇಡಿ. ಕ್ಯಾರಿಯರ್ ಚಾಸಿಗೆ ಕೂರಬೇಕು. ಸೀರೆ ಗಾರ್ಡಿನ ಬೋಲ್ಟನ್ನು ಹಂಚಿಕೊಳ್ಳುವ ಬ್ರಾಕೆಟ್ ಮಾಡಿದರೆ ಗಾರ್ಡನ್ನು ಬಿಟ್ಟುಬಿಡಬೇಡಿ, ಅದು ಹಿಂದೆ ಕೂತವರ ಸೆರಗು, ದುಪಟ್ಟ ಕಾಯುತ್ತೆ.

ವೆಲ್ಡಿಂಗ್ ಬೇಕೇ ಬೇಕಾದರೆ ಗಾಡಿ ಮೇಲೇ ಮಾಡಿಸಬಹುದಾ?

ಮಡ್‌ಗಾರ್ಡ್ ಬಿಚ್ಚಿ ತಗೊಂಡು ಹೋಗಿ. ಪೆಟ್ರೋಲ್ ಟ್ಯಾಂಕ್ ಪಕ್ಕ ಕಿಡಿ ಹಾರಿಸುವುದು ಬೇಡ. ಬಿಚ್ಚಲು ಆಗಲೇ ಇಲ್ಲ ಅಂದರೆ ಟ್ಯಾಂಕ್ ಇಳಿಸಿ ದೂರ ಇಡಿ, ಬ್ಯಾಟರಿಯ ಎರಡೂ ವೈರ್ ಕಳಚಿ, ಸಿಡಿಐ (ಸ್ಪಾರ್ಕ್ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಮತ್ತು ರೆಗ್ಯುಲೇಟರ್ ಇದ್ದರೆ ಅವುಗಳ ಸಾಕೆಟ್ ತೆಗೆಯಿರಿ.

ಬಣ್ಣ?

ಉಪ್ಪುಕಾಗದ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ತೆಳು ಕೋಟ್. ತೂತಿನ ಒಳ ಅಂಚಿಗೂ ಬಳಿಯಿರಿ, ತುಕ್ಕು ಅಲ್ಲಿಂದಲೇ ನುಗ್ಗುವುದು.

ಮುಗಿದ ಮೇಲೆ ಏನೇನು ನೋಡಬೇಕು?

ಮೊದಲ 50 ಕಿ.ಮೀ. ಓಡಿಸಿ ಎಲ್ಲ ನಟ್ ಒಮ್ಮೆ ಬಿಗಿ ನೋಡಿ. ನಟ್ ಮೇಲಿಂದ ಬ್ರಾಕೆಟ್ ಮೇಲಕ್ಕೆ ಒಂದು ಬಿಳಿ ಪೇಂಟ್ ಗೆರೆ ಎಳೆದಿಡಿ. ನಟ್ ತಿರುಗಿದ್ದರೆ ಗೆರೆ ಮುರಿದು ಕಾಣುತ್ತೆ, ಸ್ಪ್ಯಾನರ್ ಹಿಡಿಯುವ ಮುಂಚೆಯೇ ಗೊತ್ತಾಗುತ್ತೆ. ಕತ್ತಲಾದ ಮೇಲೆ ಗಾಡಿ ಸ್ಟಾರ್ಟ್ ಮಾಡಿ ಒಬ್ಬರನ್ನು ಬ್ರೇಕ್ ಮೇಲೆ ನಿಲ್ಲಿಸಿ, ನೀವು ಬೀದಿಯ ಕೊನೆಯವರೆಗೆ ನಡೆದು ತಿರುಗಿ ನೋಡಿ. ವಾಪಸ್ ಬರುತ್ತಾ ಹದಿನೈದು ಮೀಟರ್ ದೂರದಲ್ಲಿ ನಿಂತು ನಂಬರ್ ಓದಿ. ಮಳೆಗಾಲದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಗ್ಲಾಸ್ ಬಿಚ್ಚಿ ಹೋಲ್ಡರ್ ಒರೆಸಿ. ರಬ್ಬರನ್ನು ಉಗುರಿನಿಂದ ಒತ್ತಿ, ಗುಳಿ ಬೀಳದಿದ್ದರೆ ಬದಲಾಯಿಸಿ.

ಬಿಚ್ಚಿದ ಒರಿಜಿನಲ್ ಬ್ರಾಕೆಟ್ ಗುಜರಿಗೆ ಹಾಕಲಾ?

ದಯವಿಟ್ಟು ಹಾಕಬೇಡಿ, ಮುರಿದಿದ್ದರೂ ಸರಿ. ತುಕ್ಕು ಉಜ್ಜಿ, ಇಂಜಿನ್ ಆಯಿಲ್ ಸವರಿ, ಪೇಪರಿನಲ್ಲಿ ಸುತ್ತಿ, ಅದರ ಬೋಲ್ಟುಗಳ ಸಮೇತ ಎತ್ತಿಡಿ. ನಮ್ಮದು ಒಂದು ಬಿಸ್ಕತ್ ಡಬ್ಬದಲ್ಲಿದೆ, ಎರಡು ತುಂಡಾಗಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಗಾಡಿಗಳೆಲ್ಲ ಸೇರುತ್ತವೆ. ಹೋದ ಸಲ ಹಾಸನದ ಒಬ್ಬ ಹುಡುಗ ತನ್ನ ಅಜ್ಜನ ಗಾಡಿ ತಂದಿದ್ದ, ಲೈಟನ್ನು ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿಕೊಂಡು. ಆ ಎರಡು ತುಂಡನ್ನು ರಟ್ಟಿನ ಮೇಲೆ ಜೋಡಿಸಿಟ್ಟು ಸುತ್ತ ಪೆನ್ಸಿಲ್ ಎಳೆದು ಕೊಟ್ಟೆ. ಮೂರು ವಾರಕ್ಕೆ ಅವನ ಬ್ರಾಕೆಟ್ಟಿನ ಫೋಟೋ ಬಂತು. ಮೂಲೆಗಳೆಲ್ಲ ದುಂಡಗಿದ್ದವು.